ಡಾಲ್ಫಿನ್ ನೋಡೋದಕ್ಕೂ ಒಂದು ಇತಿಹಾಸ ಅದ

ಕಲಬುರಗಿಯ ನೆಹರು ಗಂಜ್‌ನಿಂದ ಮಾತಾಡ್ಲಾಕತ್ತೀನಿ. ತೊಗರಿ ಊರಿಗೂ ಡಾಲ್ಫಿನ್‌ಗೂ ಏನು ಸಂಬಂಧ ಅಂತೀರಾ? ರಜೆ ಬಂದ್ರ ಕಾರವಾರ, ಮುರ್ಡೇಶ್ವರಕ್ಕೆ ಹೋಗಿ ದೋಣಿ ಹತ್ತೋ ಗಿರಾಕಿಗಳೊಳಗ ನಾವೂ ಇದ್ದೀವಲ್ರಿ.

1998ರಲ್ಲಿ ಬಲ್ಗೇರಿಯಾದಿಂದ ಚೆನ್ನೈಗೆ ಪ್ರದರ್ಶನಕ್ಕಂತ ಡಾಲ್ಫಿನ್ ತಂದಿದ್ದರು. ಕೆಲವೇ ತಿಂಗಳಲ್ಲಿ ಅವು ಸತ್ತವು. 2013ರ ಮೇನಲ್ಲಿ ಕೇಂದ್ರ ಸರ್ಕಾರ, ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಇಲ್ಲ ಅಂತು. ಅಂದ್ರ ಅವನ್ನ ಅವುಗಳ ಮನೆಗೇ ಹೋಗಿ ನೋಡಬೇಕು.

ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಕಥೆಯೂ ಹಂಗೇ ಅದ. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿದ್ದ ದ್ವೀಪಕ್ಕೆ ಈಗ ಜನ ಸ್ನಾರ್ಕೆಲಿಂಗ್‌ಗೆ ಹೋಗ್ತಾರ. ಅಲ್ಲಿನ ಹವಳ ಕಲ್ಲಲ್ಲ, ಜೀವ. ಕಾಲಿಟ್ಟರೆ ಮುರೀತದ. ಡಾಲ್ಫಿನ್‌ಗೆ ಶಬ್ದವೇ ಕಣ್ಣು. ಇಂಜಿನ್ ಗದ್ದಲದಾಗ ಅದು ದಾರಿ, ಬೇಟೆ ಎರಡೂ ತಪ್ಪಬಹುದು. ಉಸಿರಾಡಲಿಕ್ಕೆ ಮೇಲೆ ಬಂದಾಗಲೇ ನಾವು ಬೆನ್ನಟ್ಟಿದರ ಹೆಂಗ?

ಕಾನೂನು ತೊಟ್ಟಿಯಿಂದ ಉಳಿಸ್ತು. ದೋಣಿಯಿಂದ ಉಳಿಸೋರು ನಾವೇ. ಗಿರಾಕಿ ಕೇಳಿದ್ದನ್ನೇ ಅಂಗಡಿ ಮಾರ್ತದ, ಇದು ಗಂಜ್‌ನ ಲೆಕ್ಕ. ಅದಕ್ಕ, “ಅಣ್ಣಾ, ಬೆನ್ನಟ್ಟಬ್ಯಾಡ್ರಿ, ದೂರದಿಂದಲೇ ನೋಡ್ತೀವಿ” ಅನ್ರಿ. ಮುಂದಿನ ಕಂತಿನಲ್ಲಿ ಸಿಗೋಣ.