ಕಾಮನ ಕಟ್ಟಿಗೆ, ಕದ್ದ ಕುಳ್ಳು

ಫಾಲ್ಗುಣದ ಚಂದ್ರ ತುಂಬುತ್ತ ಬಂದಂತೆ ಕೃಷ್ಣಾ ತೀರದ ಹಳ್ಳಿಗಳಲ್ಲಿ ಕುಳ್ಳಿನ ಬಣವಿಗೆ ಕಾವಲು ಬೀಳುತ್ತದೆ. ಕಾಗವಾಡ ತಾಲ್ಲೂಕಿನ ಜುಗೂಳ, ಮಂಗಾವತಿ, ಶಹಾಪುರದಂಥ ಊರುಗಳಿರುವ ಈ ಸೀಮೆಯಲ್ಲಿ ಹೋಳಿ ಹುಣ್ಣಿಮೆ ಎಂದರೆ ಮೊದಲು ಕಳ್ಳತನ, ಆಮೇಲೆ ಬೆಂಕಿ, ಕೊನೆಗೆ ಬಣ್ಣ. ಹಲಿಗೆ ಬಡಿಯುತ್ತ ಮನೆಮನೆಗೆ ಬರುವ ಹುಡುಗರು ಕಾಮನ ಹೆಸರಿನಲ್ಲಿ ಕಟ್ಟಿಗೆ, ಕುಳ್ಳು ಬೇಡುತ್ತಾರೆ. ಕೊಟ್ಟರೆ ಸರಿ. ಕೊಡದಿದ್ದರೆ ರಾತ್ರಿ ಹಿತ್ತಲಿನ ಹಳೆಯ ಬಾಗಿಲೋ ಮುರುಕು ಚಕ್ಕಡಿಯ ಗಾಲಿಯೋ ಕಾಣೆಯಾಗುತ್ತದೆ. ಮರುದಿನ ಮನೆಯ ಯಜಮಾನ ಮನಸಾರೆ ಬೈಯುತ್ತಾನೆ. ಠಾಣೆಗೆ ಮಾತ್ರ ಹೋಗುವುದಿಲ್ಲ.

ಅಮೆರಿಕದಲ್ಲಿ ಪ್ರತಿವರ್ಷ ಅಕ್ಟೋಬರ್ 31ರ ರಾತ್ರಿ ನಡೆಯುವ ಹ್ಯಾಲೋವೀನ್‌ಗೂ ಈ ಹಬ್ಬಕ್ಕೂ ಹುಟ್ಟಿನಲ್ಲಿ ಯಾವ ಸಂಬಂಧವೂ ಇಲ್ಲ. ಅಲ್ಲಿ ದೆವ್ವದ ವೇಷ ತೊಟ್ಟ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ, ಕೊಡದಿದ್ದರೆ ಕೀಟಲೆ ಮಾಡುತ್ತೇವೆಂದು ಬೆದರಿಸುತ್ತಾರೆ. ಮಕ್ಕಳಿಗೆ ವರ್ಷಕ್ಕೊಮ್ಮೆ ಊರಿನ ಮೇಲೆ ಅಧಿಕಾರ ಕೊಡುವ ಈ ಪದ್ಧತಿ ಎರಡೂ ಕಡೆ ಒಂದೇ. ಹಿರಿಯರ ಆತಂಕವೂ ಅಷ್ಟೆ. ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸಿಯಾರು ಎಂಬ ಭಯ ಅಮೆರಿಕದ ತಂದೆ ತಾಯಿಗಳನ್ನು ದಶಕಗಳ ಕಾಲ ಕಾಡಿತು. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ ಪತ್ರಿಕಾ ವರದಿಗಳನ್ನು ಜಾಲಾಡಿದಾಗ ಆ ಭಯಕ್ಕೆ ಆಧಾರ ಸಿಗಲಿಲ್ಲ. ನಿಜವಾದ ಅಪಾಯ ಇದ್ದದ್ದು ರಸ್ತೆಯಲ್ಲಿ. 1975ರಿಂದ 2016ರವರೆಗಿನ ಅಂಕಿ ಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಪ್ರಕಾರ, ಆ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಹಿಂದು ಮುಂದಿನ ವಾರಗಳ ಸಂಜೆಗಳಿಗಿಂತ ಶೇ 43ರಷ್ಟು ಹೆಚ್ಚು.

ಈ ಮಾತು ಕೃಷ್ಣೆಯ ದಂಡೆಯವರಿಗೆ ದೂರದ್ದಲ್ಲ. ಹೋಳಿಯ ಹೊತ್ತಿಗೆ ಕಬ್ಬಿನ ಹಂಗಾಮು ಮುಗಿಯುತ್ತ ಬಂದಿದ್ದರೂ ಕಾರ್ಖಾನೆಯತ್ತ ಹೊರಟ ಟ್ರ್ಯಾಕ್ಟರುಗಳು ಕೆಲವು ವರ್ಷ ಇನ್ನೂ ಓಡುತ್ತಿರುತ್ತವೆ. ಹಿಂದೆ ಎರಡೆರಡು ಟ್ರೇಲರು, ಅವುಗಳಿಗೆ ಹಲವು ಸಲ ಕೆಂಪು ದೀಪವೂ ಇರುವುದಿಲ್ಲ. ಕದ್ದ ಕಟ್ಟಿಗೆ ಹೊತ್ತು ಕತ್ತಲಲ್ಲಿ ರಸ್ತೆ ದಾಟುವ ಹುಡುಗ ಚಾಲಕನಿಗೆ ಕಾಣುವುದು ಕಷ್ಟ.

ಹಬ್ಬದ ಕಥೆ ಎಲ್ಲರಿಗೂ ಗೊತ್ತಿರುವಂಥದು. ತಪಸ್ಸಿಗೆ ಕುಳಿತ ಶಿವನ ಮೇಲೆ ಕಾಮ ಹೂಬಾಣ ಬಿಟ್ಟ, ಶಿವ ಹಣೆಗಣ್ಣು ತೆರೆದ, ಕಾಮ ಬೂದಿಯಾದ. ಹರಿಹರ ಕವಿ ‘ಗಿರಿಜಾ ಕಲ್ಯಾಣ’ದಲ್ಲಿ ಇದನ್ನೂ ರತಿಯ ಗೋಳನ್ನೂ ವಿಸ್ತಾರವಾಗಿ ಹೇಳಿದ್ದಾನೆ. 13ನೇ ಶತಮಾನದ ಆಂಡಯ್ಯನದು ಬೇರೆ ದಾರಿ. ಅವನ ‘ಕಬ್ಬಿಗರ ಕಾವ’ದಲ್ಲಿ ಗೆಲ್ಲುವವನು ಕಾಮನೇ. ಊರ ಹುಡುಗರು ಬೆಂಕಿಯ ಸುತ್ತ ಬಾಯಿ ಬಡಿದುಕೊಂಡು ಬೊಬ್ಬೆ ಹೊಡೆಯುವುದು ಈಗ ಮೋಜಾಗಿ ಕಾಣುತ್ತದೆ, ಆದರೆ ಅದು ಕಾಮ ಸತ್ತನೆಂಬ ಅಳು. ಜುಗೂಳದ ಎದುರು ದಂಡೆಯ ಖಿದ್ರಾಪುರದಲ್ಲಿರುವ ಪ್ರಸಿದ್ಧ ದೇಗುಲದ ಶಿವನ ಹೆಸರೂ ಕೋಪೇಶ್ವರ. ಆದರೆ ಅಲ್ಲಿಯ ಐತಿಹ್ಯ ಹೇಳುವುದು ಸತಿಯನ್ನು ಕಳೆದುಕೊಂಡ ಕೋಪವನ್ನು, ಕಾಮನನ್ನು ಸುಟ್ಟ ಕೋಪವನ್ನಲ್ಲ.

ಬಣ್ಣದಾಟದ ಇತಿಹಾಸವೂ ಹಳೆಯದೇ. ಏಳನೇ ಶತಮಾನದ ಹರ್ಷನ ‘ರತ್ನಾವಳಿ’ ನಾಟಕ ಆರಂಭವಾಗುವುದೇ ವಸಂತೋತ್ಸವದ ಬಣ್ಣದ ಹುಡಿಯಿಂದ. 15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕೊಂಟಿ, ಹಬ್ಬವೊಂದರ ಮೂರು ದಿನ ದಾರಿಹೋಕರ ಮೇಲೆ, ರಾಜ ರಾಣಿಯರ ಮೇಲೂ, ಕೇಸರಿ ನೀರು ಎರಚುತ್ತಿದ್ದರೆಂದು ಬರೆಸಿದ್ದಾನೆ. ಮುತ್ತುಗದ ಹೂವನ್ನು ನೆನೆಸಿ ತೆಗೆದ ಕೇಸರಿ ಬಣ್ಣ ಹಳ್ಳಿಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಬಟ್ಟೆಗೆ ಹಾಕುವ ಅಗ್ಗದ ರಾಸಾಯನಿಕ ಬಣ್ಣ ಪೇಟೆಗೆ ಬಂದ ಮೇಲೆ ಹೂವಿನ ಶ್ರಮ ಯಾರಿಗೆ ಬೇಕು? ಫಲ 2012ರ ಮಾರ್ಚ್‌ನಲ್ಲಿ ಮುಂಬೈಯ ಧಾರಾವಿಯಲ್ಲಿ ಕಂಡಿತು. ಬಣ್ಣವಾಡಿದ ಸುಮಾರು 200 ಜನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ಕಣ್ಣಿಗೆ ಬಣ್ಣ ಬಿದ್ದರೆ ಉಜ್ಜದೆ ಬರೀ ತಿಳಿನೀರಿನಿಂದ ಬಹಳ ಹೊತ್ತು ತೊಳೆಯಬೇಕು, ಉರಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮೊದಲೇ ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಬಣ್ಣ ಬೇಗ ಬಿಡುತ್ತದೆ.

ಬಾಗಲಕೋಟೆಯ ಹೋಳಿ, ನವಲಗುಂದದ ರಾಮಲಿಂಗ ಕಾಮಣ್ಣ ನಾಡಿಗೆಲ್ಲ ಹೆಸರಾದವು. ಗಡಿಯ ಹಳ್ಳಿಗಳದು ಅಷ್ಟು ದೊಡ್ಡ ಗದ್ದಲವಲ್ಲ. ಇಲ್ಲಿ ಮರಾಠಿಯ ಶಿಮಗಾ, ಕನ್ನಡದ ಹೋಳಿ ಬೆರೆತಿವೆ. ಹಲವು ಊರುಗಳಲ್ಲಿ ಬಣ್ಣ ಬೀಳುವುದು ಐದನೆಯ ದಿನದ ರಂಗಪಂಚಮಿಗೆ. ಬಣ್ಣ ತೊಳೆಯಲು ಎಲ್ಲರೂ ಹೊಳೆಗೇ ಓಡುವುದರಿಂದ ಹಬ್ಬದ ಅತಿ ದೊಡ್ಡ ಅಪಾಯ ಅಲ್ಲಿಯೇ ಕಾದಿರುತ್ತದೆ. ಬೇಸಿಗೆಗೆ ಬತ್ತಿದಂತೆ ಕಾಣುವ ಕೃಷ್ಣೆಯಲ್ಲಿ ಮಡುಗಳಿವೆ, ಉಸುಕು ತೆಗೆದ ಗುಂಡಿಗಳಿವೆ, ಮೊಸಳೆಗಳೂ ಇವೆ. ದಂಡೆಯಲ್ಲೇ ಬೆಳೆದವರಿಗೂ ಕಳೆದ ಮಳೆಗಾಲ ನದಿಯ ತಳವನ್ನು ಹೇಗೆ ಬದಲಿಸಿದೆಯೆಂದು ತಿಳಿದಿರುವುದಿಲ್ಲ. ಹುಡುಗರನ್ನು ಮನೆಯ ಬಚ್ಚಲಿಗೋ ಬೋರಿನ ನೀರಿಗೋ ಕಳಿಸುವುದೇ ಮೇಲು. ಹೊಳೆಗೆ ಹೋದರೂ ಈಜು ಬಲ್ಲ ಹಿರಿಯರು ಜೊತೆಗಿರಬೇಕು, ಕುಡಿದವರು ನೀರಿಗಿಳಿಯಬಾರದು.

ಬೆಂಕಿಯ ವಿಷಯದಲ್ಲಿ ಹಿಂದಿನವರು ಜಾಣರಾಗಿದ್ದರೆಂದೇ ಹೇಳಬೇಕು. ಕಾಮನನ್ನು ಸುಡಲು ಊರ ಬಯಲೋ ಅಗಸಿಯ ಮುಂದಿನ ಜಾಗವೋ ಗೊತ್ತಾಗಿರುತ್ತಿತ್ತು, ವರ್ಷವರ್ಷ ಬದಲಾಗುತ್ತಿರಲಿಲ್ಲ. ಅನೇಕ ಊರುಗಳಲ್ಲಿ ಮೊದಲ ಕಿಚ್ಚು ಬರುವುದು ದಲಿತ ಕೇರಿಯಿಂದ. ವರ್ಷವಿಡೀ ದೂರ ಇಡುವ ಕೇರಿಯ ಬೆಂಕಿ ಆ ಒಂದು ರಾತ್ರಿಗೆ ಪವಿತ್ರವಾಗುವುದು ವಿಚಿತ್ರವೇ ಸರಿ. ಈಗ ಓಣಿಗೊಂದು ಕಾಮಣ್ಣ. ಮೇಲೆ ವಿದ್ಯುತ್ ತಂತಿ, ಪಕ್ಕದಲ್ಲಿ ಮೇವಿನ ಬಣವಿ, ಹೊಲದಲ್ಲಿ ಒಣಗಿದ ಕಬ್ಬಿನ ರವದಿ. ಫಾಲ್ಗುಣದ ಬಿಸಿಗಾಳಿಗೆ ಒಂದು ಕಿಡಿ ಸಾಕು. ಹಳೆಯ ಟೈರು ಸುಡುವ ಚಟವೂ ಸೇರಿಕೊಂಡಿದೆ, ಅದರ ಹೊಗೆ ಉಬ್ಬಸದವರನ್ನು ರಾತ್ರಿಯಿಡೀ ಕೂರಿಸುತ್ತದೆ. ಸೀಮೆಎಣ್ಣೆ, ಪೆಟ್ರೋಲು ಸುರಿದು ಹೊತ್ತಿಸುವಾಗಲೇ ಕೈ ಮುಖ ಸುಡುವುದು ಹೆಚ್ಚು. ಸುಟ್ಟ ಜಾಗಕ್ಕೆ ಶಾಯಿ, ಟೂತ್‌ಪೇಸ್ಟು ಬಳಿಯದೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ನಾಲ್ಕು ಕೊಡ ನೀರು, ಒಂದು ಗುಡ್ಡೆ ಉಸುಕು ಮೊದಲೇ ಪಕ್ಕದಲ್ಲಿರಲಿ.

ಉರಿ ಇಳಿದ ಮೇಲೆ ಕೆಂಡದಲ್ಲಿ ಕಡಲೆ ಸುಟ್ಟು ತಿನ್ನುವುದು ಈ ಹಬ್ಬದ ಸವಿ. ಒಂದಿಷ್ಟು ಕೆಂಡವನ್ನು ಮನೆಗೊಯ್ದು ಒಲೆ ಹೊತ್ತಿಸುವ ರೂಢಿ ಗ್ಯಾಸ್ ಬಂದ ಮೇಲೆ ಕಡಿಮೆಯಾಗಿದೆ. ಉಳಿದ ಕೆಂಡಕ್ಕೆ ನೀರು ಹೊಯ್ಯುವ ತನಕ ಹಲಿಗೆಯವರೂ ಹಿರಿಯರೂ ಅಲ್ಲೇ ಕೂತಿರುತ್ತಾರೆ. ಯಾರ ಮನೆಯ ಬಾಗಿಲು ಈ ಸಲ ಕಾಮನ ಪಾಲಾಯಿತೆಂಬ ಗುಟ್ಟು ಹೊರಬೀಳುವುದೂ ಆಗಲೇ.