ಜಾಡಿ ಒಡೆದ ಆಳು

ದೆವ್ವದ ಸಿನಿಮಾ ನೋಡಿ ಬಂದವರು ದೆವ್ವದ ಮಾತನ್ನೇ ಆಡುತ್ತಾರೆ. ಅದರ ಸುತ್ತ ದೀವಟಿಗೆ ಹಿಡಿದು ಓಡುವವರು, ಬಾಗಿಲು ತೆಗೆಯುವವರು, ಗೋರಿ ಅಗೆಯುವವರು ಯಾರಿಗೂ ನೆನಪಿರುವುದಿಲ್ಲ. ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆ 1931ರಲ್ಲಿ ತೆರೆಗೆ ತಂದ ‘ಫ್ರಾಂಕನ್‌ಸ್ಟೈನ್’ ಚಿತ್ರದಲ್ಲಿ ಅಂಥವನೊಬ್ಬನಿದ್ದಾನೆ. ಹೆಸರು ಫ್ರಿಟ್ಜ್, ಗೂನುಬೆನ್ನಿನ ಆಳು. ಇತಿಹಾಸದ ಪಾಠ ಹೇಳುವ ನನಗೆ ರಾಜರಿಗಿಂತ ಪಲ್ಲಕ್ಕಿ ಹೊತ್ತವರ ಬಗ್ಗೆಯೇ ಕುತೂಹಲ ಹೆಚ್ಚು. ಹಾಗಾಗಿ ಇವನ ವಂಶಾವಳಿಯನ್ನು ಹುಡುಕಿಕೊಂಡು ಹೋದೆ.

ಮೇರಿ ಶೆಲ್ಲಿಯ ಮೂಲ ಕಾದಂಬರಿ 1818ರಲ್ಲಿ, ಲೇಖಕಿಯ ಹೆಸರಿಲ್ಲದೆ, ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಫ್ರಿಟ್ಜ್ ಇಲ್ಲವೇ ಇಲ್ಲ. ವಿಕ್ಟರ್ ಫ್ರಾಂಕನ್‌ಸ್ಟೈನ್ ಎಂಬ ತರುಣ ಒಬ್ಬನೇ ಕುಳಿತು ಜೀವವೊಂದನ್ನು ನಿರ್ಮಿಸುತ್ತಾನೆ. ಅದು ಕಣ್ಣು ಬಿಟ್ಟ ಕೂಡಲೇ ಹೇಸಿ ಓಡಿಹೋಗುತ್ತಾನೆ. ಹುಟ್ಟಿಸಿದವನೇ ಕೈಬಿಟ್ಟ ಆ ಜೀವ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ, ಹೋದಲ್ಲೆಲ್ಲ ಏಟು ತಿಂದು ಕೊನೆಗೆ ಕೊಲೆಗಿಳಿಯುತ್ತದೆ.

1823ರಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಎಂಬಾತ ಈ ಕಥೆಯನ್ನು ಲಂಡನ್ನಿನ ರಂಗಭೂಮಿಗೆ ತಂದ. ನಮ್ಮ ನಾಟಕ ಕಂಪನಿಗಳಲ್ಲಿ ಹಾಸ್ಯಕ್ಕೊಬ್ಬ ಸೇವಕನಿರುತ್ತಿದ್ದಂತೆ ಅಲ್ಲಿಯೂ ಒಬ್ಬ ಬಂದ. ಅವನೇ ಪುಕ್ಕಲು ಫ್ರಿಟ್ಜ್. ಯಜಮಾನನ ಕೋಣೆಯೊಳಗೆ ಇಣುಕಿ, ಬೆದರಿ, ಜನರನ್ನು ನಗಿಸುವುದು ಅವನ ಕೆಲಸ. ಮೇರಿ ಶೆಲ್ಲಿ ಆ ನಾಟಕವನ್ನು ಸ್ವತಃ ನೋಡಿದ್ದಳು.

ಜೇಮ್ಸ್ ವೇಲ್ ನಿರ್ದೇಶಿಸಿದ ಸಿನಿಮಾಕ್ಕೆ ಬರುವ ಹೊತ್ತಿಗೆ ಅವನಿಗೆ ಗೂನು ಬಂದಿತ್ತು. ಯಜಮಾನ ಹೇಳಿದಂತೆ ಗೋರಿ ಅಗೆಯುತ್ತಾನೆ, ಗಲ್ಲುಗಂಬ ಹತ್ತಿ ಹೆಣ ಇಳಿಸುತ್ತಾನೆ. ವೈದ್ಯಕೀಯ ಕಾಲೇಜಿನಿಂದ ಮಿದುಳು ಕದ್ದು ತರುವುದೂ ಅವನೇ. ಒಳ್ಳೆಯ ಮಿದುಳಿನ ಜಾಡಿ ಎತ್ತಿಕೊಂಡಾಗ ಏನೋ ಸದ್ದಾಗಿ ಬೆಚ್ಚುತ್ತಾನೆ; ಜಾಡಿ ಕೈಜಾರಿ ಚೂರಾಗುತ್ತದೆ. ಪಕ್ಕದಲ್ಲಿದ್ದ ಅಪರಾಧಿಯ ಮಿದುಳನ್ನೇ ಹೊತ್ತೊಯ್ಯುತ್ತಾನೆ.

ಕಥೆಯ ನ್ಯಾಯವೇ ತಿರುವುಮುರುವಾದದ್ದು ಇಲ್ಲಿ. ಕಾದಂಬರಿಯಲ್ಲಿ ಆ ಜೀವ ಕೆಟ್ಟದ್ದು ಹುಟ್ಟಿಸಿದವನು ಕೈಬಿಟ್ಟದ್ದರಿಂದ. ಸಿನಿಮಾದಲ್ಲಿ, ಆಳು ಜಾಡಿ ಒಡೆದದ್ದರಿಂದ. ಯಜಮಾನನ ಪಾಪ ಆಳಿನ ಲೆಕ್ಕಕ್ಕೆ ಜಮಾ ಆಯಿತು. ಮಿದುಳನ್ನು ಜೋಡಿಸುವ ಮಹಾಪಂಡಿತ ಜಾಡಿಯ ಮೇಲಿನ ಚೀಟಿ ಓದಬೇಡವೇ ಎಂದು ಯಾರೂ ಕೇಳುವುದಿಲ್ಲ. ಕಡತ ಕಾಣೆಯಾದರೆ ಮೊದಲು ಜವಾನನನ್ನು ಕರೆಸುವ ಕಚೇರಿಗಳಿಗೆ ಈ ನ್ಯಾಯ ಹೊಸದೇನಲ್ಲ.

ಹಾಗೆಂದು ಫ್ರಿಟ್ಜ್ ಸಾಧುವಲ್ಲ. ಸರಪಳಿ ಬಿಗಿದ ಆ ಜೀವವನ್ನು ಚಾವಟಿಯಿಂದ ಹೊಡೆಯುತ್ತಾನೆ, ಬೆಂಕಿ ತೋರಿಸಿ ಹೆದರಿಸುತ್ತಾನೆ, ಕೊನೆಗೆ ಅದರ ಕೈಯಲ್ಲೇ ಸಾಯುತ್ತಾನೆ. ಎಲ್ಲರಿಗಿಂತ ಕೆಳಗಿದ್ದವನಿಗೆ ತನಗಿಂತ ಕೆಳಗಿನವನೊಬ್ಬ ಸಿಕ್ಕಿದ್ದ. ಯಜಮಾನನಾದರೋ ‘ಅದರ ತಂಟೆಗೆ ಹೋಗಬೇಡ’ ಎಂಬಷ್ಟು ಹೇಳಿ ಸುಮ್ಮನಾಗುತ್ತಾನೆ.

ಈ ಪಾತ್ರ ಮಾಡಿದವನು ಡ್ವೈಟ್ ಫ್ರೈ. ನಡುರಾತ್ರಿ ಬಾಗಿಲು ತಟ್ಟಿದವರನ್ನು ಗದರಿಸಿ, ಮೋಟು ಕೋಲೂರಿ ಮೆಟ್ಟಿಲೇರುವಾಗ ಅವನು ನಿಂತು, ಜಾರಿದ ಕಾಲುಚೀಲವನ್ನು ಮೇಲೆಳೆದುಕೊಳ್ಳುತ್ತಾನೆ. ಅಷ್ಟರಲ್ಲೇ ನಮಗೆ ಒಬ್ಬ ಮನುಷ್ಯ ಕಂಡುಬಿಡುತ್ತಾನೆ.

ಫ್ರಾಂಕನ್‌ಸ್ಟೈನನ ಆಳೆಂದರೆ ಜನ ಇಂದಿಗೂ ಇಗೋರ್ ಎನ್ನುತ್ತಾರೆ. ಆ ಹೆಸರು 1939ರ ಮೂರನೆಯ ಚಿತ್ರದ್ದು. ಗಲ್ಲಿಗೇರಿಸಿದರೂ ಬದುಕುಳಿದ ಆ ಪಾತ್ರವನ್ನು ವಹಿಸಿದವನು ಬೇಲಾ ಲುಗೋಸಿ. ಫ್ರೈ 1935ರ ಎರಡನೆಯ ಚಿತ್ರದಲ್ಲಿ ಕಾರ್ಲ್ ಎಂಬ ಕೊಲೆಗಡುಕನಾದ. ಮೂರನೆಯದರಲ್ಲಿ ಅವನ ಭಾಗವನ್ನು ಕತ್ತರಿಸಿ ಹಾಕಿದರು. 1942ರ ನಾಲ್ಕನೆಯದರಲ್ಲಿ ಗುಂಪಿನ ನಡುವಿನ ಹಳ್ಳಿಗ. ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆಯ ರಾತ್ರಿಪಾಳಿಗೂ ದುಡಿಯುತ್ತಿದ್ದ. 1943ರ ನವೆಂಬರ್ 7ರಂದು ಬಸ್ಸಿನಲ್ಲಿ ಹೃದಯಾಘಾತವಾಗಿ ತೀರಿಕೊಂಡ, ವಯಸ್ಸು 44. ಮರಣಪತ್ರದಲ್ಲಿ ಅವನ ವೃತ್ತಿ ನಟನೆ ಎಂದಿಲ್ಲ, ಉಪಕರಣ ವಿನ್ಯಾಸ ಎಂದಿದೆ.

ಆ ಹಳೆಯ ಚಿತ್ರ ನೋಡುವ ಮಕ್ಕಳಿಗೆ ನಾನು ಹೇಳುವುದಿಷ್ಟೇ: ರಾಕ್ಷಸನನ್ನು ನೋಡಿ, ಪಂಡಿತನನ್ನೂ ನೋಡಿ. ಮೆಟ್ಟಿಲ ಮೇಲೆ ನಿಂತು ಕಾಲುಚೀಲ ಎಳೆದುಕೊಳ್ಳುವವನನ್ನೂ ನೋಡಿ. ಆಮೇಲೆ ತಪ್ಪು ಯಾರದೆಂದು ತೀರ್ಮಾನಿಸಿ.