ದೂರವಾಣಿ ಉಪಕರಣ ಕೊಠಡಿಗಳ ಮೀಸಲು ವಿದ್ಯುತ್: ಡಿ.ಸಿ. ಮತ್ತು ಎ.ಸಿ. ವ್ಯವಸ್ಥೆಗಳು

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ವಿದ್ಯುತ್ ಪೂರೈಸುತ್ತದೆ. ವಿದ್ಯುತ್ ಸ್ಥಗಿತಗೊಂಡಾಗಲೂ ದೂರವಾಣಿ ಸೇವೆ ಮುಂದುವರಿಯಲು ವಿನಿಮಯ ಕೇಂದ್ರದಲ್ಲಿ ಮೀಸಲು ವಿದ್ಯುತ್ ಅವಶ್ಯಕ. ಆಪ್ಟಿಕಲ್ ಫೈಬರ್ ಸಂಪರ್ಕ ಪಡೆಯುವವರ ಮನೆಯಲ್ಲಿಯೂ ಇಂತಹ ವ್ಯವಸ್ಥೆ ಬೇಕಾಗುತ್ತದೆ. ಅರ್ಜಿದಾರರ ತಿಳಿವಳಿಕೆಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಡಿ.ಸಿ. ವ್ಯವಸ್ಥೆ

ವಿನಿಮಯ ಕೇಂದ್ರದ ಉಪಕರಣಗಳು ಸಾಮಾನ್ಯವಾಗಿ 48 ವೋಲ್ಟ್ ನೇರ ವಿದ್ಯುತ್ತಿನಿಂದ, ಅಂದರೆ ಡಿ.ಸಿ.ಯಿಂದ ನಡೆಯುತ್ತವೆ. ತಲಾ 2 ವೋಲ್ಟ್‌ನ 24 ಸೀಸ-ಆಮ್ಲ ಕೋಶಗಳನ್ನು ಸರಣಿಯಲ್ಲಿ ಜೋಡಿಸಿ ಬ್ಯಾಟರಿಯನ್ನು ರೂಪಿಸಲಾಗುತ್ತದೆ. ಎ.ಸಿ.ಯನ್ನು ಡಿ.ಸಿ.ಗೆ ಪರಿವರ್ತಿಸುವ ರೆಕ್ಟಿಫೈಯರ್, ಉಪಕರಣಗಳನ್ನು ನಡೆಸುವುದರೊಂದಿಗೆ ಈ ಬ್ಯಾಟರಿಯನ್ನು ಸುಮಾರು 54 ವೋಲ್ಟ್‌ನಲ್ಲಿ ಚಾರ್ಜ್ ಆಗಿರಿಸುತ್ತದೆ. ಬ್ಯಾಟರಿಯು ಸದಾ ಉಪಕರಣಗಳಿಗೆ ನೇರವಾಗಿ ಜೋಡಣೆಯಾಗಿರುವುದರಿಂದ ವಿದ್ಯುತ್ ನಿಂತರೂ ಸೇವೆಗೆ ಕ್ಷಣಮಾತ್ರದ ಅಡಚಣೆಯೂ ಆಗುವುದಿಲ್ಲ. ಧನಾಗ್ರಕ್ಕೆ ಭೂಸಂಪರ್ಕ ನೀಡುವುದರಿಂದ ತೇವದಲ್ಲಿ ತಾಮ್ರದ ತಂತಿ ಸವೆಯುವುದು ಕಡಿಮೆಯಾಗುತ್ತದೆ.

ಎ.ಸಿ. ವ್ಯವಸ್ಥೆ

ಯು.ಪಿ.ಎಸ್. ಬಳಸಿದಲ್ಲಿ ಬ್ಯಾಟರಿಯ ಡಿ.ಸಿ.ಯನ್ನು ಇನ್ವರ್ಟರ್ ಮೂಲಕ 230 ವೋಲ್ಟ್ ಎ.ಸಿ.ಗೆ ಪರಿವರ್ತಿಸಲಾಗುತ್ತದೆ, ಉಪಕರಣದೊಳಗೆ ಅದು ಪುನಃ ಡಿ.ಸಿ.ಯಾಗುತ್ತದೆ. ಪ್ರತಿ ಪರಿವರ್ತನೆಯಲ್ಲಿಯೂ ಸ್ವಲ್ಪ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ವಿದ್ಯುತ್ ಇಲ್ಲದ ವೇಳೆ ಇನ್ವರ್ಟರ್ ಕೆಟ್ಟಲ್ಲಿ, ಬ್ಯಾಟರಿ ಪೂರ್ಣ ಚಾರ್ಜ್ ಆಗಿದ್ದರೂ ಸೇವೆ ನಿಲ್ಲುತ್ತದೆ. ಆದರೆ 4,800 ವ್ಯಾಟ್ ಹೊರೆಗೆ 48 ವೋಲ್ಟ್‌ನಲ್ಲಿ 100 ಆಂಪಿಯರ್ ಬೇಕಾದರೆ, 230 ವೋಲ್ಟ್‌ನಲ್ಲಿ ಸುಮಾರು 21 ಆಂಪಿಯರ್ ಸಾಕು. ಆದ್ದರಿಂದ ಡಿ.ಸಿ. ವ್ಯವಸ್ಥೆಗೆ ದಪ್ಪನೆಯ ಕೇಬಲ್ ಅಗತ್ಯ. ಎ.ಸಿ.ಯಿಂದಲೇ ನಡೆಯುವ ಗಣಕಯಂತ್ರಗಳಿಗೆ ಯು.ಪಿ.ಎಸ್. ಸೂಕ್ತ. ದೀರ್ಘಕಾಲದ ಕಡಿತಕ್ಕೆ ಎರಡೂ ವ್ಯವಸ್ಥೆಗಳಲ್ಲಿ ಡೀಸೆಲ್ ಜನರೇಟರ್ ಬೇಕಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ತಾಮ್ರದ ತಂತಿಯ ಸಾಧಾರಣ ದೂರವಾಣಿಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ ವಿದ್ಯುತ್ ದೊರೆಯುತ್ತದೆ. ಆದ್ದರಿಂದ ಮನೆಯಲ್ಲಿ ವಿದ್ಯುತ್ ಇಲ್ಲದಿದ್ದರೂ ಅದು ಕಾರ್ಯನಿರ್ವಹಿಸುತ್ತದೆ.

2. ಫೈಬರ್ ಗಾಜಿನ ಎಳೆಯಾಗಿದ್ದು, ವಿದ್ಯುತ್ತನ್ನು ಒಯ್ಯುವುದಿಲ್ಲ. ಕೇಂದ್ರವು ಚಾಲನೆಯಲ್ಲಿದ್ದರೂ ಮನೆಯ ಮೋಡೆಮ್‌ಗೆ ವಿದ್ಯುತ್ ಇಲ್ಲದಿದ್ದಲ್ಲಿ ಆ ದೂರವಾಣಿಯಿಂದ ತುರ್ತು ಸಂಖ್ಯೆ 112ಕ್ಕೂ ಕರೆ ಮಾಡಲಾಗದು.

3. ಬಹುತೇಕ ಮೋಡೆಮ್‌ಗಳು 12 ವೋಲ್ಟ್ ಡಿ.ಸಿ.ಯಿಂದ ನಡೆಯುತ್ತವೆ. ಇವುಗಳಿಗೆ ಚಿಕ್ಕ ಡಿ.ಸಿ. ಯು.ಪಿ.ಎಸ್. ಸಾಕಾಗುತ್ತದೆ. 12 ವ್ಯಾಟ್‌ನ ಮೋಡೆಮ್ 4 ಗಂಟೆ ನಡೆಯಲು 48 ವ್ಯಾಟ್-ಗಂಟೆ ಶಕ್ತಿ ಬೇಕು; ಇದಕ್ಕಿಂತ ಸ್ವಲ್ಪ ಹೆಚ್ಚಿನ ಸಾಮರ್ಥ್ಯದ್ದನ್ನು ಆರಿಸಿಕೊಳ್ಳುವುದು ಸೂಕ್ತ.

4. ಖರೀದಿಗೆ ಮುನ್ನ ಅಡಾಪ್ಟರ್ ಮೇಲೆ ನಮೂದಿಸಿರುವ ವೋಲ್ಟ್ ಮತ್ತು ಆಂಪಿಯರ್ ಪ್ರಮಾಣವನ್ನು ತಪ್ಪದೇ ಪರಿಶೀಲಿಸಿಕೊಳ್ಳತಕ್ಕದ್ದು.

5. ವೃದ್ಧರು ಹಾಗೂ ರೋಗಿಗಳಿರುವ ಮನೆಯವರು ಫೈಬರ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವಾಗಲೇ ಮೀಸಲು ವಿದ್ಯುತ್ತಿನ ಏರ್ಪಾಡು ಮಾಡಿಕೊಳ್ಳಲು ಕೋರಲಾಗಿದೆ.

ವಿದ್ಯುತ್ ಕಡಿತದ ದೂರುಗಳಿಗೆ 1912 ಸಂಖ್ಯೆಯನ್ನು ಸಂಪರ್ಕಿಸಬಹುದು.